ಹೊನ್ನೂರಿನಲ್ಲಿ ಒಂದು ಮಳೆಯ ರಜಾ

ಊರು ನೋಡಲು ಹೊರಡುವವನು ಮೊದಲು ಹವೆಯನ್ನು ನೋಡಿಕೊಳ್ಳಬೇಕೆಂಬುದು ತಿಳಿದವರ ಮಾತು. ನಾನು ಹೊನ್ನೂರಿಗೆ ಹೋದುದಾದರೋ ಚಂಡಮಾರುತದ ಬೆನ್ನು ಹತ್ತಿ. ಇದರಲ್ಲಿ ನನ್ನ ಸಾಹಸವೇನೂ ಇಲ್ಲ. ಅಲ್ಲಿರುವ ನನ್ನ ಹಳೆಯ ಸಹಪಾಠಿಗಳು, ಈಗ ಪಿಂಚಣಿ ಪಡೆಯುತ್ತಿರುವ ಉಪಾಧ್ಯಾಯರು, ನಾಲ್ಕು ವರ್ಷಗಳಿಂದಲೂ ನನ್ನನ್ನು ಕರೆಯುತ್ತಿದ್ದರು. ನಾಲ್ಕು ವರ್ಷಗಳಿಂದಲೂ ನಾನು 'ಮುಂದಿನ ತಿಂಗಳು' ಎನ್ನುತ್ತ ಬಂದಿದ್ದೆನು. ಕೊನೆಗೆ ೨೦೨೪ನೆಯ ಇಸವಿ ಡಿಸೆಂಬರ್ ೧ನೆಯ ತಾರೀಖು ಭಾನುವಾರ ಬಂದೇ ಬರುವೆನೆಂದು ಮಾತು ಕೊಟ್ಟೆನು. ಅದರ ಹಿಂದಿನ ರಾತ್ರಿಯೇ ಫೆಂಗಲ್ ಎಂಬ ಚಂಡಮಾರುತವು ಪುದುಚೇರಿಯ ಸಮೀಪದಲ್ಲಿ ದಡವನ್ನು ಸೇರಿ, ಅಲ್ಲಿಯೇ ಬಹಳ ಹೊತ್ತು ನಿಂತು ಸುರಿದು, ಬಳಿಕ ಮೆಲ್ಲಮೆಲ್ಲನೆ ಪಶ್ಚಿಮಕ್ಕೆ, ಎಂದರೆ ನಮ್ಮ ಕಡೆಗೆ, ಹೊರಟಿತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಕೊಡೆಯನ್ನೂ ಒಂದು ಜೊತೆ ಹೆಚ್ಚಿನ ಬಟ್ಟೆಯನ್ನೂ ಚೀಲಕ್ಕೆ ಸೇರಿಸಿಕೊಂಡು ಬಸ್ಸು ಹತ್ತಿದೆನು.

ಚಾಮರಾಜನಗರವನ್ನು ಬಿಟ್ಟು ಸಂತೆಮರಹಳ್ಳಿಯ ಮಾರ್ಗವಾಗಿ ಯಳಂದೂರಿಗೆ ಹೋಗುವಾಗ ಬಲಗಡೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣಬೇಕು. ಅಂದು ಬೆಟ್ಟವಿರಲಿಲ್ಲ, ಬೆಟ್ಟವಿರಬೇಕಾದ ಜಾಗದಲ್ಲಿ ಬೂದಿಯ ಬಣ್ಣದ ಮೋಡವೊಂದು ನೆಲದವರೆಗೂ ಇಳಿದು ಕುಳಿತಿತ್ತು. ಮಳೆಯೆಂದರೆ ನಮ್ಮ ಕಡೆಯ ಗುಡುಗು ಮಿಂಚಿನ ಮುಂಗಾರಿನ ಮಳೆಯಲ್ಲ. ಸದ್ದಿಲ್ಲದೆ, ಬಿಡುವಿಲ್ಲದೆ, ಸಣ್ಣ ಜರಡಿಯಿಂದ ಸೋಸಿದಂತೆ ಬೀಳುವ ಮಳೆ. ಕುಯ್ಲಿಗೆ ಬಂದ ರಾಗಿಯ ಹೊಲಗಳೂ ಭತ್ತದ ಗದ್ದೆಗಳೂ ಒಂದೇ ಕಡೆಗೆ ತಲೆಬಾಗಿ ಮಲಗಿದ್ದುವು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ರೈತನು ಕಿಟಕಿಯ ಹೊರಗೆ ಒಮ್ಮೆ ನೋಡಿ ತಲೆಯ ಮೇಲೆ ಟವಲನ್ನು ಎಳೆದುಕೊಂಡು ಕಣ್ಣು ಮುಚ್ಚಿದನು. ಮತ್ತೆ ಯಳಂದೂರು ಬರುವವರೆಗೂ ತೆರೆಯಲಿಲ್ಲ.

ಯಳಂದೂರು ನಮ್ಮ ರಾಜ್ಯದ ಅತ್ಯಂತ ಸಣ್ಣ ತಾಲ್ಲೂಕುಗಳಲ್ಲೊಂದು. ಅದರ ಚರಿತ್ರೆ ಮಾತ್ರ ಸಣ್ಣದಲ್ಲ. ೧೮೦೭ರಲ್ಲಿ ಮೈಸೂರಿನ ದಿವಾನ ಪೂರ್ಣಯ್ಯನವರಿಗೆ ಈ ಸೀಮೆಯನ್ನು ಜಹಗೀರಾಗಿ ಕೊಡಲಾಯಿತು. ಗೌರೀಶ್ವರನ ದೇವಾಲಯದ ಮುಂದಿರುವ ಬಳೆಮಂಟಪವನ್ನು ನೋಡಿದವರು ಕಲ್ಲಿನಲ್ಲಿ ಕಡೆದು ಕೊರೆದ ಆ ಬಳೆಗಳ ಸರಪಳಿಯನ್ನು ಮರೆಯಲಾರರು. 'ಹದಿಬದೆಯ ಧರ್ಮ'ವನ್ನು ಬರೆದ ಸಂಚಿಯ ಹೊನ್ನಮ್ಮನ ಹುಟ್ಟೂರು ಇದೇ. ಊರ ಪಕ್ಕದಲ್ಲಿ ಹರಿಯುವ ಸುವರ್ಣಾವತಿಗೆ ಹಳ್ಳಿಯವರಿಟ್ಟ ಹೆಸರು ಹೊನ್ನುಹೊಳೆ; ನಾನು ಹೋಗಬೇಕಾಗಿದ್ದ ಊರು ಹೊನ್ನೂರು. ಇಷ್ಟೊಂದು ಹೊನ್ನು ಒಂದೇ ಕಡೆಗೆ ಹೇಗೆ ಸೇರಿತೋ! ಭಾಷಾಶಾಸ್ತ್ರಜ್ಞರು ಬೇಕಾದರೆ ವಿಚಾರಿಸಲಿ. ನನಗೆ ಕಂಡದ್ದು ಕೆಂಪು ನೀರಷ್ಟೆ.

ಯಳಂದೂರಿನಿಂದ ಆಟೋರಿಕ್ಷಾದಲ್ಲಿ ಹೊನ್ನೂರನ್ನು ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಬಯಲುಸೀಮೆಯ ಅಚ್ಚುಕಟ್ಟಾದ ಊರು: ತೆಂಗು, ಕಬ್ಬು, ಗದ್ದೆ, ಬೀದಿಯ ಎರಡು ಪಕ್ಕಗಳಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳು. ಮೇಷ್ಟ್ರು ಜಗುಲಿಯ ಮೇಲೆಯೇ ಕಾದಿದ್ದರು. ಅವರ ಮನೆಯಾಕೆ ಬಿಸಿನೀರನ್ನೂ ಟವಲನ್ನೂ ತಂದುಕೊಟ್ಟು, "ಅಣ್ಣಾ, ಮೊದಲು ತಲೆ ಒರೆಸಿಕೊಳ್ಳಿ. ಮಾತು ಆಮೇಲೆ ಇದ್ದೇ ಇದೆ" ಎಂದರು. ಒಲೆಯ ಮುಂದೆ ಕುಳಿತು ಹುರುಳಿಯ ಸಾರಿನೊಡನೆ ರಾಗಿಯ ಮುದ್ದೆಯನ್ನು ಉಂಡು ಏಳುವಷ್ಟರಲ್ಲಿ, ಏಳನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ನಡುಮನೆಯಿಂದ ಕುಣಿಯುತ್ತ ಬಂದಳು.

"ತಾತಾ! ನಾಳೆ ರಜಾ! ಡೀಸಿಯವರು ಹೇಳಿದ್ದಾರಂತೆ!"

ಅವಳ ಕೈಯಲ್ಲಿದ್ದ ಮೊಬೈಲಿನಲ್ಲಿ ಆಜ್ಞೆಯ ಪ್ರತಿಯೊಂದಿತ್ತು. ಜಿಲ್ಲೆಯಲ್ಲಿ ಮಳೆಯಾಗುತ್ತಿರುವುದರಿಂದ ಮುಂಜಾಗ್ರತೆಯ ಕ್ರಮವಾಗಿ ಅಂಗನವಾಡಿಗಳಿಗೂ ಶಾಲೆಗಳಿಗೂ ಮರುದಿನ ರಜಾ. ಮೇಷ್ಟ್ರು ಕನ್ನಡಕವನ್ನು ಹುಡುಕಿ ಅದನ್ನು ಎರಡು ಬಾರಿ ಓದಿದರು. "ಸದ್ಯ, ಈ ಸಲ ರಾತ್ರಿಯೇ ಬಂತು" ಎಂದರು. ಆ 'ಸದ್ಯ' ಎಂಬ ಒಂದು ಮಾತಿನ ಹಿಂದೆ ಏನಿದೆಯೆಂಬುದನ್ನು ಅರಿತುಕೊಳ್ಳಲು ನನಗೆ ಅಂದಿನ ರಾತ್ರಿಯೂ ಮರುದಿನ ಬೆಳಗೂ ಬೇಕಾದುವು.

ನಮ್ಮ ವಾಚಕರ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆ ಅಪರೂಪ. ಮಳೆಯ ರಜಾ ಎಂಬುದನ್ನು ಕಂಡರಿಯದವರು ಇಲ್ಲ. ಆದರೂ ಅದು ಎಲ್ಲಿ ಹುಟ್ಟಿ ಯಾವ ದಾರಿಯಾಗಿ ನಮ್ಮ ಅಡಿಗೆಮನೆಯವರೆಗೆ ಬರುತ್ತದೆಂಬುದನ್ನು ವಿಚಾರಿಸಿದವರು ಕಡಮೆಯೆಂದು ಕಾಣುತ್ತದೆ. ಮೇಷ್ಟ್ರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ದಾರಿಯ ಕೊನೆಯಲ್ಲಿ ನಿಂತಿದ್ದವರು. ಅವರು ಹೇಳಿದುದನ್ನೂ ನಾನು ಬಲ್ಲುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿಯೊಂದು ಜಿಲ್ಲೆಯಲ್ಲಿಯೂ ಒಂದು ಪ್ರಾಧಿಕಾರವಿದ್ದು, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರಾಗಿರುತ್ತಾರೆ. ಮಳೆ, ಪ್ರವಾಹ, ಬಿರುಗಾಳಿಗಳ ಕಾಲದಲ್ಲಿ ಶಾಲೆಗಳನ್ನು ಮುಚ್ಚಬೇಕೆ ಬೇಡವೆ ಎಂಬ ನಿರ್ಧಾರ ಅವರದು. ಹವಾಮಾನ ಇಲಾಖೆಯವರು ಬಣ್ಣಗಳ ಮೂಲಕ ಎಚ್ಚರಿಕೆ ಕೊಡುತ್ತಾರೆ: ಹಸುರು, ಹಳದಿ, ಕಿತ್ತಳೆ, ಕೆಂಪು. ಒಂದು ದಿವಸದಲ್ಲಿ ೬೪.೫ ಮಿಲಿಮೀಟರನ್ನು ಮುಟ್ಟಿದರೆ ಅದು ಅವರ ಲೆಕ್ಕದಲ್ಲಿ ಭಾರಿ ಮಳೆ, ೧೧೫.೬ರಿಂದ ಮೇಲಕ್ಕೆ ಅತಿ ಭಾರಿ, ೨೦೪.೪ನ್ನು ದಾಟಿದರೆ ಅತ್ಯಂತ ಭಾರಿ. ಇದಲ್ಲದೆ ನಮ್ಮ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ತಾವೇ ಲೆಕ್ಕ ಕಳುಹಿಸುವ ಮಳೆಮಾಪಕ ಯಂತ್ರಗಳನ್ನು ನಿಲ್ಲಿಸಿದ್ದಾರೆ. ಹೀಗಾಗಿ ಹಳ್ಳಿಯ ಮೇಲೆ ಬಿದ್ದ ನೀರಿನ ಲೆಕ್ಕ ಬೆಂಗಳೂರಿಗೆ ಕ್ಷಣದಲ್ಲಿ ತಲುಪುತ್ತದೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಉಪನಿರ್ದೇಶಕರಿಗೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅವರಿಂದ ಮುಖ್ಯೋಪಾಧ್ಯಾಯರಿಗೆ, ಮುಖ್ಯೋಪಾಧ್ಯಾಯರಿಂದ ತಂದೆತಾಯಿಗಳ ಮೊಬೈಲಿಗೆ ಮಾತು ಇಳಿದುಬರಬೇಕು. ಇಷ್ಟು ಮೆಟ್ಟಿಲುಗಳನ್ನು ಅದು ಹತ್ತು ನಿಮಿಷದಲ್ಲಿಯೂ ಇಳಿಯುವುದುಂಟು. ಕೆಲವು ವೇಳೆ ನಡುವಿನ ಒಂದು ಮೆಟ್ಟಿಲಿನ ಮೇಲೆ ನಿದ್ರೆ ಹೋಗುವುದೂ ಉಂಟು.

"ಬೆಳಗ್ಗೆ ಎಂಟು ಗಂಟೆಗೆ ರಜಾ ಕೊಟ್ಟರೆ ಅದು ರಜಾ ಅಲ್ಲ ಸ್ವಾಮಿ, ಫಜೀತಿ" ಎಂದರು ಮೇಷ್ಟ್ರು. "ಆ ಹೊತ್ತಿಗೆ ದೂರದ ಹುಡುಗರು ಮನೆ ಬಿಟ್ಟಿರುತ್ತಾರೆ. ಅಡಿಗೆಯವರು ಹಾಲು ಕಾಯಿಸಲು ಒಲೆ ಹೊತ್ತಿಸಿರುತ್ತಾರೆ. ಬಂದ ಹುಡುಗರನ್ನು ಮಳೆಯಲ್ಲಿ ವಾಪಸು ಅಟ್ಟಬೇಕೋ, ಇಟ್ಟುಕೊಂಡಿರಬೇಕೋ? ಆಜ್ಞೆಯಲ್ಲಿ ಅದು ಬರೆದಿರುವುದಿಲ್ಲ."

ಇದನ್ನು ಕೇಳಿದಾಗ ನನಗೆ ನನ್ನ ಬಾಲ್ಯದ ಒಂದು ದಿನ ನೆನಪಾಯಿತು. ಊರ ಹೆಸರು ಬೇಡ. ಆ ಶಾಲೆಯ ಹೆಸರೂ ಬೇಡ. ನನಗಾಗ ಒಂಬತ್ತು ವರ್ಷ, ತಂಗಿಗೆ ಆರು. ಆ ಕಾಲದಲ್ಲಿ ಜಿಲ್ಲೆಯಿಂದ ಆಜ್ಞೆ ಬರುವ ಪದ್ಧತಿ ನಮ್ಮ ಹಳ್ಳಿಗೆ ತಿಳಿಯದು. ಮಳೆ ಜೋರಾದರೆ ಹೆಡ್ಮಾಸ್ತರರು ಆಕಾಶವನ್ನು ನೋಡಿ ಗಂಟೆ ಹೊಡೆಸುತ್ತಿದ್ದರು, ಅಷ್ಟೆ. ಅಂದು ಮಧ್ಯಾಹ್ನ ಎರಡು ಗಂಟೆಗೆ ಹಾಗೆಯೇ ಗಂಟೆಯಾಯಿತು. ನಾವಿಬ್ಬರೂ ಒಂದೇ ಗೋಣಿಕೊಪ್ಪೆಯ ಕೆಳಗೆ ಕುಣಿಯುತ್ತ ಹೊರಟೆವು. ಶಾಲೆಗೂ ನಮ್ಮ ಮನೆಗೂ ನಡುವೆ ಒಂದು ಹಳ್ಳ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಆಗ ಎಷ್ಟಿತ್ತೋ, ನಾನು ಅಳೆಯಲಿಲ್ಲ; ದಾಟುವ ಕಲ್ಲುಗಳು ಕಾಣುತ್ತಿರಲಿಲ್ಲ. ಆದರೂ ಹುಡುಗ ಬುದ್ಧಿ! ತಂಗಿಯ ಕೈ ಹಿಡಿದು ಒಂದು ಹೆಜ್ಜೆ ಇಟ್ಟಿದ್ದೆನು. ಹಿಂದಿನಿಂದ ಗಾಡಿಯವನೊಬ್ಬನು ಕೂಗಿಕೊಂಡು ಬಂದು, ನನ್ನ ಕಿವಿಯನ್ನು ಹಿಡಿದು ಹಿಂದಕ್ಕೆಳೆದು, ಇಬ್ಬರನ್ನೂ ಗಾಡಿಯೊಳಗಿನ ಹುಲ್ಲಿನಲ್ಲಿ ಕೂರಿಸಿ, ಸಂಜೆ ನೀರಿಳಿಯುವವರೆಗೂ ಹುಣಿಸೆಯ ಮರದ ಕೆಳಗೆ ಬೀಡಿ ಸೇದುತ್ತ ಕಾದನು. ಆ ಕಿವಿ ಇಂದಿಗೂ ಮಳೆಗಾಲದಲ್ಲಿ ಒಮ್ಮೊಮ್ಮೆ ಬಿಸಿಯಾಗುತ್ತದೆ. ನಮ್ಮ ಹೆಡ್ಮಾಸ್ತರರು ಕೆಟ್ಟವರಲ್ಲ. ಮಕ್ಕಳು ನೆನೆಯಬಾರದೆಂದೇ ಬೇಗ ಬಿಟ್ಟರು. ಅವರು ನೋಡಿದುದು ಆಕಾಶವನ್ನು, ಹಳ್ಳವನ್ನು ನೋಡಲಿಲ್ಲ.

ಹೊನ್ನೂರಿನ ಸೀಮೆಯ ವಿಚಿತ್ರವೂ ಇದೇ. ಇಲ್ಲಿ ಆಕಾಶವನ್ನು ನೋಡಿದರೆ ಹೊಳೆಯ ಸ್ಥಿತಿ ತಿಳಿಯದು.

ಜೂನ್ ಜುಲೈ ತಿಂಗಳುಗಳಲ್ಲಿ ಕೊಡಗಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ಹುಯ್ಯುತ್ತಿದ್ದು, ಅಲ್ಲಿನ ಶಾಲೆಗಳಿಗೆ ದಿನದ ಮೇಲೆ ದಿನ ರಜಾ ಸಾರುತ್ತಿರುವಾಗ, ಮಳೆಯ ನೆರಳಿನಲ್ಲಿರುವ ಈ ಸೀಮೆಯಲ್ಲಿ ಗಾಳಿಯೂ ಧೂಳೂ ಮಾತ್ರ. ಇಲ್ಲಿ ಮಳೆ ಬರುವುದು ಮೇ ತಿಂಗಳಿನಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ. ಆಮೇಲೆ ಬಂಗಾಳ ಕೊಲ್ಲಿಯ ಕಡೆಯಿಂದ ಇಂಥ ಒಂದು ಚಂಡಮಾರುತ ದಯೆ ತೋರಿದರೆ ಉಂಟು. ಟೆಲಿವಿಷನ್ನಿನಲ್ಲಿ ಮಡಿಕೇರಿಯ ರಜಾದ ಸುದ್ದಿಯನ್ನು ಕೇಳಿ ಹೊನ್ನೂರಿನ ಮಕ್ಕಳು ನಿಟ್ಟುಸಿರು ಬಿಡುತ್ತಾರೆಂದು ಮೇಷ್ಟ್ರ ಮೊಮ್ಮಗಳೇ ಒಪ್ಪಿಕೊಂಡಳು.

ಆದರೆ ಕೊಡಗಿನಲ್ಲಿ ಬಿದ್ದ ನೀರು ಕೊಡಗಿನಲ್ಲಿಯೇ ಉಳಿಯುವುದಿಲ್ಲವಷ್ಟೆ. ಕಾವೇರಿಯದು ಕನ್ನಂಬಾಡಿ ಕಟ್ಟೆಯನ್ನು ೧೨೪.೮೦ ಅಡಿಯ ಮಟ್ಟಕ್ಕೆ ತುಂಬಿಸುತ್ತದೆ. ವಯನಾಡಿನಿಂದ ಬರುವ ಕಪಿಲೆಯದು ಬೀಚನಹಳ್ಳಿಯ ಕಬಿನಿ ಜಲಾಶಯವನ್ನು ತುಂಬಿಸುತ್ತದೆ. ಎರಡೂ ತುಂಬಿದ ಮೇಲೆ ಬಾಗಿಲು ತೆರೆಯಲೇಬೇಕು. ಆ ಎರಡು ಪ್ರವಾಹಗಳೂ ತಿರುಮಕೂಡಲಿನಲ್ಲಿ ಕೂಡಿಕೊಂಡು ಕೊಳ್ಳೇಗಾಲದ ಕಡೆಗೆ ಬರುತ್ತವೆ. ೨೦೧೮, ೨೦೧೯, ೨೦೨೨, ೨೦೨೪ — ಈ ನಾಲ್ಕು ವರ್ಷಗಳಲ್ಲಿಯೂ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿ ಮುಂತಾದ ನದೀತೀರದ ಹಳ್ಳಿಗಳ ಹೊಲಗಳಿಗೂ ಬೀದಿಗಳಿಗೂ ನದಿಯ ನೀರು ನುಗ್ಗಿದೆ. ೨೦೨೪ರ ಜುಲೈ ಆಗಸ್ಟ್ ಸಂಧಿಯಲ್ಲಿ ಎರಡು ಕಟ್ಟೆಗಳಿಂದಲೂ ಸೇರಿ ಒಂದೂವರೆ ಲಕ್ಷ ಕ್ಯೂಸೆಕ್ಕಿಗೂ ಮೇಲ್ಪಟ್ಟ ನೀರನ್ನು ಬಿಡಲಾಯಿತು. ೨೦೧೮ರ ಪ್ರವಾಹದಲ್ಲಿ ಶಿವನಸಮುದ್ರದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ರಾಮಸ್ವಾಮಿ ಮೊದಲಿಯಾರರು ೧೮೩೦ರ ಸುಮಾರಿನಲ್ಲಿ ಕಲ್ಲುಕಂಬಗಳನ್ನು ನೆಟ್ಟು ಕಟ್ಟಿಸಿದ ಆ ಸೇತುವೆಯು ೧೯೨೪ರ ಜುಲೈ ತಿಂಗಳ ಮಹಾಪ್ರವಾಹವನ್ನೂ ಕಂಡು ನಿಂತಿದ್ದಿತು.

ಆ ದಿನಗಳಲ್ಲಿ ಮೇಷ್ಟ್ರು ಒಮ್ಮೆ ಬಂಧುಗಳನ್ನು ನೋಡಲೆಂದು ಕೊಳ್ಳೇಗಾಲದ ಆಚೆಗೆ ಹೋಗಿದ್ದರಂತೆ. ತಲೆಯ ಮೇಲೆ ನಿರ್ಮಲವಾದ ಆಕಾಶ, ಸುಡುವ ಬಿಸಿಲು, ಒಂದು ತೊಟ್ಟು ಮಳೆಯಿಲ್ಲ. ಆದರೆ ಊರ ಮುಂದೆ ಕೆಂಪು ಸಮುದ್ರ. ಶಾಲೆಗೆ ರಜಾ. ರಜಾ ಎಂದರೂ ಬಾಗಿಲು ಮುಚ್ಚಿರಲಿಲ್ಲ. ಇಂಥ ಸಮಯದಲ್ಲಿ ಎತ್ತರದಲ್ಲಿರುವ ಶಾಲೆ, ವಿದ್ಯಾರ್ಥಿನಿಲಯ, ಕಲ್ಯಾಣಮಂಟಪಗಳೇ ಕಾಳಜಿ ಕೇಂದ್ರಗಳಾಗುತ್ತವೆ. ಕರಿಹಲಗೆಯ ಮೇಲೆ ಹಿಂದಿನ ದಿನದ ಭಾಗಾಕಾರದ ಲೆಕ್ಕ. ಅದರ ಕೆಳಗೆ ಚಾಪೆ, ಪಾತ್ರೆ, ಅಜ್ಜಿಯರು, ತೊಟ್ಟಿಲು. ಮೂಲೆಯಲ್ಲೊಂದು ಹುಡುಗ ತನ್ನ ತರಗತಿಯಲ್ಲಿಯೇ ತಾನು ಕೂರುವ ಜಾಗದಲ್ಲಿ ಮಲಗಿ ನಿದ್ರಿಸುತ್ತಿದ್ದನೆಂದು ಮೇಷ್ಟ್ರು ಹೇಳಿದರು. 'ರಜಾ' ಎಂಬ ಮಾತಿನಲ್ಲಿ ನಾವು ಕಾಣುವ ಸಂತೋಷ ಆ ಹುಡುಗನಿಗೆ ಎಷ್ಟು ಉಂಟಾಗಿದ್ದೀತೋ!

ಸುವರ್ಣಾವತಿಯ ಕಥೆ ಇದಕ್ಕೆ ವಿರುದ್ಧವಾದುದು. ಅದು ಈ ಸೀಮೆಯ ಮಳೆಯಿಂದಲೇ ತುಂಬುವ ಹೊಳೆ. ಅನೇಕ ವರ್ಷ ಮರಳಿನ ಹಾದಿಯಂತೆ ಒಣಗಿ ಮಲಗಿರುತ್ತದೆ. ಅತ್ತಿಗುಳಿಪುರದ ಬಳಿಯ ಸುವರ್ಣಾವತಿ ಜಲಾಶಯವೂ ಅದರ ನೆರೆಯ ಚಿಕ್ಕಹೊಳೆ ಜಲಾಶಯವೂ ತುಂಬುವುದೇ ಜನರಿಗೆ ಹಬ್ಬ. ೨೦೨೨ರಲ್ಲಿ ಅವು ತುಂಬಿ ಹರಿದಾಗ ಯಳಂದೂರು ಪಟ್ಟಣದ ತಗ್ಗಿನ ಬೀದಿಗಳಿಗೂ ನೀರು ಬಂದಿತು. ಬತ್ತಿದ ಹೊಳೆಯ ಪಾತ್ರದಲ್ಲಿ ವರ್ಷಗಟ್ಟಲೆ ಅಡ್ಡಾಡಿ, ಅದನ್ನೇ ಶಾಲೆಯ ಹತ್ತಿರದ ದಾರಿಯನ್ನಾಗಿ ಮಾಡಿಕೊಂಡಿರುವ ಮಕ್ಕಳಿಗೆ ಇಂಥ ಹೊಳೆ ತುಂಬಿದ ಹೊಳೆಗಿಂತಲೂ ಹೆಚ್ಚು ಅಪಾಯ. ಯಾವಾಗಲೂ ತುಂಬಿರುವ ಹೊಳೆಗೆ ಜನ ಹೆದರುತ್ತಾರೆ.

ಹಿಂದೆ ಕೊಳ್ಳೇಗಾಲಕ್ಕೂ ಯಳಂದೂರಿಗೂ ಒಂದೇ ಆಜ್ಞೆ ನಡೆಯುವಂತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬಹುದು. ೧೯೫೬ರ ನವೆಂಬರಿನವರೆಗೆ ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನದು. ಒಂದೇ ಮೋಡ ಎರಡು ಸರಕಾರಗಳ ಮೇಲೆ ಸುರಿಯುತ್ತಿತ್ತು. ಮುಂದೆ ಎರಡೂ ಮೈಸೂರು ಜಿಲ್ಲೆಗೆ ಸೇರಿ, ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆ ಅದರ ಪಾಲಾದುವು. ಈಗ ಚಾಮರಾಜನಗರದಲ್ಲಿ ಹಾಕಿದ ಒಂದು ರುಜು ಗುಂಡ್ಲುಪೇಟೆಯಿಂದ ಹನೂರಿನ ಕೊನೆಯ ಕಾಡೂರಿನವರೆಗೂ ನಡೆಯುತ್ತದೆ.

ಒಂದೇ ರುಜು ಎಲ್ಲ ಕಡೆಗೂ ಸರಿಹೋಗುವುದೆ? ಮೇಷ್ಟ್ರಿಗೂ ನನಗೂ ಇದರಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಬಂದಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿಗಳಂಥ ಮಲೆನಾಡಿನ ತಾಲ್ಲೂಕುಗಳಿಗೆ ಮಾತ್ರ ರಜಾ ಕೊಟ್ಟು, ಬಯಲಿನ ಕಡೂರಿನಲ್ಲಿ ಪಾಠ ನಡೆಸುವುದುಂಟು. ಅದೇ ಯುಕ್ತವೆಂದು ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳ್ಳವನ್ನು ಕಣ್ಣಾರೆ ಕಾಣುವ ಮುಖ್ಯೋಪಾಧ್ಯಾಯರಿಗೇ ಅಧಿಕಾರ ಕೊಡಬೇಕೆಂದೆನು. ಮೇಷ್ಟ್ರು ನಕ್ಕರು.

"ಕೊಟ್ಟು ನೋಡಿ. ರಜಾ ಕೊಟ್ಟು ಮಳೆ ಬಾರದಿದ್ದರೆ, 'ಮೇಷ್ಟ್ರು ಸೋಮಾರಿ.' ಕೊಡದೆ ಒಂದು ಮಗುವಿನ ಕಾಲು ಜಾರಿದರೆ, 'ಮೇಷ್ಟ್ರು ಕೊಲೆಗಡುಕ.' ಡೀಸಿಯವರ ಕಾಗದ ಬಂದರೆ ನಾವು ರಾತ್ರಿ ನಿದ್ದೆ ಮಾಡುತ್ತೇವೆ."

ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಆದರೆ ನಿದ್ದೆ ಮಾಡುವ ಹಕ್ಕು ಮಗುವಿಗಿಂತ ಮೇಷ್ಟ್ರಿಗೆ ಹೆಚ್ಚಾಗಬಾರದೆಂಬ ನನ್ನ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ.

ಪರದೇಶದ ಪದ್ಧತಿಯ ಮಾತೂ ಬಂದಿತು. ನನ್ನ ಸೋದರಳಿಯನೊಬ್ಬನು ಅಮೆರಿಕೆಯ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿ ಮಳೆಯ ಬದಲಿಗೆ ಹಿಮ. ಶಾಲೆಗಳ ಸಮೂಹವೊಂದಕ್ಕೆ ಒಬ್ಬ ಮೇಲಧಿಕಾರಿ; ಬೆಳಗಿನ ಜಾವ ರಸ್ತೆಗಳ ಸ್ಥಿತಿಯನ್ನು ವಿಚಾರಿಸಿಕೊಂಡು, ಬೆಳಕು ಹರಿಯುವ ಮುಂಚೆಯೇ ಮನೆಗಳಿಗೆ ತಿಳಿಸುವುದು ಅವನ ಕೆಲಸ. ಪೂರ್ತಿ ರಜಾ ಕೊಡಲೂಬಹುದು. ಅಥವಾ 'ಎರಡು ಗಂಟೆ ತಡ' ಎಂದು ಸಾರಲೂಬಹುದು. ಆ ಎರಡು ಗಂಟೆಗಳಲ್ಲಿ ರಸ್ತೆಯ ಹಿಮವನ್ನು ಗುಡಿಸಿ, ಬೆಳಕಾದ ಮೇಲೆ ಬಸ್ಸುಗಳನ್ನು ಬಿಡುತ್ತಾರೆ. ೨೦೧೪ರ ಜನವರಿ ೬ರಂದು ಬರಿಯ ಚಳಿಗೇ ಹೆದರಿ ಆ ರಾಜ್ಯದ ಗವರ್ನರರು ಎಲ್ಲ ಸರಕಾರಿ ಶಾಲೆಗಳನ್ನೂ ಮುಚ್ಚಿಸಿದರು. ಗಾಳಿಗೆ ತೆರೆದ ಕಿವಿ ನಿಮಿಷಗಳಲ್ಲಿ ಮರಗಟ್ಟುವಂಥ ಚಳಿಯಂತೆ. ನಮ್ಮಲ್ಲಿ ಆ 'ತಡ' ಎಂಬುದು ವಾಡಿಕೆಗೆ ಬಂದಿಲ್ಲ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಬೇಸಗೆಯ ಉರಿಗೆ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ೮ಕ್ಕೆ ಹಿಂದೂಡುವುದುಂಟಲ್ಲ, ಮಳೆಯ ದಿನ ಶಾಲೆಯನ್ನು ಹನ್ನೊಂದಕ್ಕೆ ಮುಂದೂಡಿದರೇನು ಎಂದು ಕೇಳಿದೆನು. "ಮಧ್ಯಾಹ್ನದ ಬಸ್ಸು ಯಾರು ಬಿಡುತ್ತಾರೆ?" ಎಂದು ಮೇಷ್ಟ್ರು ಒಂದೇ ಮಾತಿನಲ್ಲಿ ನನ್ನ ಅಮೆರಿಕೆಯನ್ನು ಮುಳುಗಿಸಿದರು.

ಬೆಟ್ಟದ ಕಡೆಯ ಲೆಕ್ಕವೇ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿಯೂ, ಹನೂರಿನ ಮಲೆಮಹದೇಶ್ವರ ಬೆಟ್ಟದ ಇಂಡಿಗನತ್ತ, ಮೆಂದಾರೆ, ತೋಕೆರೆಗಳಂಥ ಕಾಡೂರುಗಳಲ್ಲಿಯೂ ಮಕ್ಕಳು ಶಾಲೆಗೆ ಹೋಗುವ ದಾರಿಯೇ ಆನೆಯ ದಾರಿ. ಮಹದೇಶ್ವರ ಬೆಟ್ಟದಲ್ಲಿ ಅರಣ್ಯ ಇಲಾಖೆಯವರು 'ಜನ ವನ ಸೇತುವೆ' ಎಂಬ ಹೆಸರಿನಲ್ಲಿ ವಾಹನಗಳನ್ನು ಏರ್ಪಡಿಸಿದ ಮೇಲೆ ಆ ಕಷ್ಟ ಕೆಲವರಿಗೆ ತಗ್ಗಿದೆ. ಬಿಳಿಗಿರಿಯ ಬೆಟ್ಟದಲ್ಲಿ ೧೯೮೧ರಲ್ಲಿ ಡಾಕ್ಟರ್ ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಗೆ ವಿದ್ಯಾರ್ಥಿನಿಲಯವೂ ಇರುವುದರಿಂದ, ಮಳೆಯ ದಿನ ಮಕ್ಕಳು ಕಾಡು ದಾಟಬೇಕಾಗಿಲ್ಲ. ಆನೆ ದಾರಿಗೆ ಬಂದರೆ ಯಾವ ಜಿಲ್ಲಾಧಿಕಾರಿಗಳ ಆಜ್ಞೆಯೂ ಬೇಕಾಗಿಲ್ಲ. ರಜಾ ತಾನಾಗಿಯೇ ಆಗುತ್ತದೆ.

ಇಷ್ಟು ಮಾತಾಗುವಷ್ಟರಲ್ಲಿ ಹತ್ತು ಗಂಟೆ ಮೀರಿತ್ತು. ಹೆಂಚಿನ ಮೇಲೆ ಮಳೆಯ ಸದ್ದು ನಿಂತಿರಲಿಲ್ಲ. ತಿರುವಣ್ಣಾಮಲೆಯಲ್ಲಿ ಬೆಟ್ಟ ಜರಿದು ಮನೆಯೊಂದರ ಮೇಲೆ ಬಿದ್ದ ಸುದ್ದಿ ಮರುದಿನ ವಿವರವಾಗಿ ತಿಳಿಯಿತು. ಏಳು ಜನ ಮಣ್ಣಿನಡಿಯಲ್ಲಿ ಸಿಕ್ಕಿಹೋದರು. ಅವರಲ್ಲಿ ಐವರು ಮಕ್ಕಳು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಮಳೆ ಸ್ವಲ್ಪ ಇಳಿದಿತ್ತು. ಕೊಡೆ ಹಿಡಿದು ನಾವಿಬ್ಬರೂ ತಿರುಗಾಡಲು ಹೊರಟೆವು. ಗದ್ದೆಯ ಬದುಗಳ ಮೇಲೆ ಬೆಳ್ಳಕ್ಕಿಗಳು; ಕಾಲುವೆಯಲ್ಲಿ ದಡ ಮುಟ್ಟುವ ನೀರು; ಬೆಟ್ಟ ಇನ್ನೂ ತೋರಿರಲಿಲ್ಲ. ಒಂದು ಹೊಲದಲ್ಲಿ ಗಂಡಹೆಂಡಿರು ಮಲಗಿದ ರಾಗಿಯ ತೆನೆಗಳನ್ನು ಮಳೆಯಲ್ಲಿಯೇ ಕೈಯಿಂದ ಮುರಿದು ಚೀಲಕ್ಕೆ ತುಂಬುತ್ತಿದ್ದರು. ಮೊಳಕೆ ಬರುವ ಮುಂಚೆ ಸಿಕ್ಕಿದಷ್ಟು ಸಿಗಲಿ ಎಂದು. ಅವರಿಗೆ ರಜಾ ಸಾರುವವರು ಯಾರೂ ಇಲ್ಲ.

ಒಂದು ಮೈಲಿಯಷ್ಟು ಹೋದ ಮೇಲೆ ದಾರಿಯ ಪಕ್ಕದಲ್ಲಿ ಒಂದು ಸಣ್ಣ ಶಾಲೆ ಕಂಡಿತು. ಗೇಟಿಗೆ ಬೀಗ. ಗೇಟಿನ ಮುಂದೆ, ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದ ಒಬ್ಬ ಹುಡುಗನೂ ಅವನ ಬೆನ್ನಿಗೆ ಅಂಟಿಕೊಂಡು ಒಬ್ಬ ಪುಟ್ಟ ಹುಡುಗಿಯೂ ನಿಂತಿದ್ದರು. ಹುಡುಗನಿಗೆ ಎಂಟು ಒಂಬತ್ತು ವರ್ಷ ಇರಬಹುದು. ಇಬ್ಬರ ಹೆಗಲಿನಲ್ಲಿಯೂ ಪುಸ್ತಕದ ಚೀಲ.

"ಇವತ್ತು ರಜಾ ಕಣಪ್ಪ. ಯಾರೂ ಹೇಳಲಿಲ್ಲವೆ?" ಎಂದರು ಮೇಷ್ಟ್ರು.

ಹುಡುಗನು ತಲೆಯಾಡಿಸಿದನು. ತಂದೆ ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗಿದ್ದಾನೆ. ಮನೆಯಲ್ಲಿರುವ ಒಂದೇ ಮೊಬೈಲು ಅವನ ಜೊತೆಯಲ್ಲಿದೆ. ತಾಯಿ ಬೆಳಕು ಹರಿಯುವ ಮುಂಚೆಯೇ ಕೂಲಿಗೆ ಹೊರಟುಹೋಗಿದ್ದಳು. ಮಳೆಯೆಂದು ಮನೆಯಲ್ಲಿಯೇ ಇರಬಾರದಿತ್ತೆ ಎಂದು ನಾನು ಕೇಳಿದೆನು. ಹುಡುಗನು ನನ್ನನ್ನು ನೋಡಲಿಲ್ಲ. ಬೀಗವನ್ನು ನೋಡುತ್ತ, "ಇವಳು ಉಂಡಿಲ್ಲ ಸಾ" ಎಂದನು. ಸ್ವಲ್ಪ ತಡೆದು, "ಇವತ್ತು ಹಾಲೂ ಇಲ್ವಾ?" ಎಂದನು.

ನನಗೆ ಏನು ಹೇಳುವುದಕ್ಕೂ ತೋರಲಿಲ್ಲ. ನಮ್ಮ ರಾಜ್ಯದಲ್ಲಿ ೨೦೦೨ರಿಂದೀಚೆಗೆ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಶಾಲೆಯಲ್ಲಿ ಮಧ್ಯಾಹ್ನದ ಊಟವೂ, ೨೦೧೩ರಿಂದ ಕ್ಷೀರಭಾಗ್ಯವೆಂಬ ಹೆಸರಿನಲ್ಲಿ ಹಾಲೂ ನಡೆಯುತ್ತ ಬಂದಿರುವುದನ್ನು ನಾವೆಲ್ಲರೂ ಬಲ್ಲೆವು. ಮೊಟ್ಟೆಯೋ ಬಾಳೆಯ ಹಣ್ಣೋ ಆ ಬಳಿಕ ಬಂದುದು. ಹಿಂದಿನ ರಾತ್ರಿ ಅಷ್ಟು ಹೊತ್ತು ಆಜ್ಞೆಯ ವಿಚಾರವನ್ನೂ ಅಧಿಕಾರದ ವಿಚಾರವನ್ನೂ ಮಾತಾಡಿದ ನಾವಿಬ್ಬರೂ ಒಲೆಯ ವಿಚಾರವನ್ನು ಮಾತಾಡಿಯೇ ಇರಲಿಲ್ಲ. ಹೋದ ಪಾಠವನ್ನು ತುಂಬಿಕೊಡಲು ಕ್ರಮವಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ದಿನ, ಆರರಿಂದ ಎಂಟರವರೆಗೆ ೨೨೦ ದಿನ ಶಾಲೆ ನಡೆಯಬೇಕೆಂದು ವಿಧಿಸಿರುವುದರಿಂದ, ಮಳೆಗೆ ಕಳೆದ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿಯೋ ಭಾನುವಾರಗಳಲ್ಲಿಯೋ ಸರಿದೂಗಿಸುವಂತೆ ಇಲಾಖೆಯವರು ತಿಳಿಸುತ್ತಾರೆ. ಭೂಗೋಳದ ಪಾಠವನ್ನು ಮುಂದಿನ ಶನಿವಾರ ಓದಬಹುದು. ಸೋಮವಾರದ ಹಸಿವನ್ನು ಶನಿವಾರ ಉಣ್ಣುವುದಾಗುವುದಿಲ್ಲ.

ಹಾಗೆಂದು ಅಂದು ರಜಾ ಕೊಟ್ಟುದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಶಾಲೆಯ ಮುಂದಿನ ಮೋರಿಯಲ್ಲಿ ನೀರು ಮೊಳಕಾಲಿನವರೆಗೆ ಇತ್ತು. ಕಟ್ಟಡದ ಒಂದು ಮೂಲೆಯ ಗೋಡೆ ಮಾಳಿಗೆಯಿಂದ ನೆಲದವರೆಗೆ ಕಪ್ಪಾಗಿ ನೆನೆದಿತ್ತು. ಹಳೆಯ ಕೊಠಡಿಗಳ ಗೋಡೆ ಕುಸಿಯುವುದು ಮಳೆ ಸುರಿಯುವಾಗ ಮಾತ್ರವಲ್ಲ, ನಿಂತ ಮೇಲೆಯೂ ಉಂಟೆಂದು ಮೇಷ್ಟ್ರು ತೋರಿಸಿದರು. ಬಾಗಿಲು ಮುಚ್ಚಿದುದು ಸರಿ. ಆದರೂ ಪಾಠವಿಲ್ಲದ ದಿನ ಒಲೆಯೂ ಆರಿರಬೇಕೆ? ನೆರೆ ಬಂದಾಗ ಶಾಲೆಯಲ್ಲಿಯೇ ಊರಿಗೆ ಊಟ ಹಾಕುವ ಸರಕಾರ, ನೆರೆಯಿಲ್ಲದ ಮಳೆಯ ದಿನ ಗಟ್ಟಿಯಾದ ಒಂದು ಕೊಠಡಿಯಲ್ಲಿ ಬಂದ ನಾಲ್ಕು ಮಕ್ಕಳಿಗೆ ಹಾಲು ಕೊಡಲಾರದೆ? ಇದನ್ನು ಮೇಷ್ಟ್ರಿಗೆ ಕೇಳಿದೆನು. ಈ ಸಲ ಅವರು ನಗಲಿಲ್ಲ. "ಅಡಿಗೆಯಾಕೆಯೂ ಹಳ್ಳ ದಾಟಿಯೇ ಬರಬೇಕು" ಎಂದಷ್ಟೇ ಹೇಳಿದರು.

ಇಬ್ಬರನ್ನೂ ಕರೆದುಕೊಂಡು ಹಿಂದಿರುಗಿದೆವು. ಹುಡುಗಿ ಮೊದಲು ಒಪ್ಪಲಿಲ್ಲ. ಅಣ್ಣನ ಅಂಗಿಯ ತುದಿಯನ್ನು ಬಿಡದೆ ದೂರದಲ್ಲಿ ನಡೆದಳು. ಮನೆಯಲ್ಲಿ ಮೇಷ್ಟ್ರ ಮನೆಯಾಕೆ ಒಂದು ಮಾತನ್ನೂ ಕೇಳದೆ ಒಲೆಯ ಮುಂದೆ ಮಣೆಗಳನ್ನು ಹಾಕಿ, ತಂಗಿಯ ಕೂದಲನ್ನು ಸೆರಗಿನಿಂದ ಒರೆಸಿ, ಬಿಸಿ ಉಪ್ಪಿಟ್ಟನ್ನು ತಟ್ಟೆಗೆ ಹಾಕಿದರು. ಮೊಮ್ಮಗಳು ಮೊದಲು ಬಾಗಿಲ ಮರೆಯಿಂದ ನೋಡಿದಳು. ಆಮೇಲೆ ತನ್ನ ಹಾಲಿನ ಲೋಟವನ್ನು ತಂದು ಹುಡುಗಿಯ ಮುಂದಿಟ್ಟು, ಎದುರಿಗೆ ಕುಳಿತು, ಎಷ್ಟನೆಯ ಕ್ಲಾಸು, ಮಿಸ್ಸಿನ ಹೆಸರೇನು, ಕುಂಟೆಬಿಲ್ಲೆ ಬರುತ್ತದೆಯೆ ಎಂದು ವಿಚಾರಣೆ ಆರಂಭಿಸಿದಳು. ಹತ್ತು ಗಂಟೆಯ ಹೊತ್ತಿಗೆ ಮೂವರೂ ನಡುಮನೆಯಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಕುಂಟುತ್ತಿದ್ದರು. ಮೇಷ್ಟ್ರು ಜಗುಲಿಯ ಮೇಲೆ ಕುಳಿತು ಯಾರಿಗೋ ಫೋನು ಮಾಡುತ್ತಿದ್ದರು. ಮೊಬೈಲಿಲ್ಲದ ಮನೆಗಳಿಗೆ ಸುದ್ದಿ ಮುಟ್ಟಿಸಲು ಪಂಚಾಯಿತಿಯಿಂದ ತಮಟೆ ಹೊಡೆಸಬಹುದಲ್ಲ, ದೇವಸ್ಥಾನದ ಮೈಕಿನಲ್ಲಾದರೂ ಹೇಳಿಸಬಹುದಲ್ಲ ಎಂದು ಅವರು ಗಟ್ಟಿಯಾಗಿ ಹೇಳುತ್ತಿದ್ದುದು ನನಗೆ ಒಳಗೆ ಕೇಳಿಸಿತು. ಆ ಕಡೆಯವರು ಏನು ಉತ್ತರ ಕೊಟ್ಟರೋ ತಿಳಿಯದು. ಮೇಷ್ಟ್ರು ಎರಡನೆಯ ನಂಬರನ್ನು ಒತ್ತಿದರು.

ಮಧ್ಯಾಹ್ನದ ಊಟವಾದ ಮೇಲೆ ನಾನು ಹೊರಟೆನು. ಕೊಳ್ಳೇಗಾಲದ ಕಡೆಗೆ ಹೋಗುವ ಬಸ್ಸನ್ನು ಹಿಡಿಯಲೆಂದು ಬೀದಿಗೆ ಬರುವಾಗ ಮಳೆ ಬಿಟ್ಟಿತ್ತು. ಮೋಡದ ಸೆರಗು ಒಂದು ಕಡೆ ಹರಿದು, ಬಿಳಿಗಿರಿಯ ಬಿಳಿಯ ಬಂಡೆ ಒಂದು ಗಳಿಗೆ ಕಾಣಿಸಿತು, ಮತ್ತೆ ಮುಚ್ಚಿಕೊಂಡಿತು. ಹುಡುಗನೂ ತಂಗಿಯೂ ಚೀಲಗಳನ್ನು ಹಾಕಿಕೊಂಡು ನನ್ನ ಜೊತೆಯಲ್ಲಿಯೇ ತಮ್ಮ ಊರಿನ ತಿರುವಿನವರೆಗೂ ಬಂದರು. ಹುಡುಗಿಯ ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣವಿತ್ತು. ಸಂಜೆ ತಾಯಿಗೆ ಕೊಡಲು ಅಜ್ಜಿ ಕಟ್ಟಿಕೊಟ್ಟದ್ದು. ತಿರುವಿನಲ್ಲಿ ಹುಡುಗನು ನಿಂತನು.

"ನಾಳಕ ಇಸ್ಕೂಲು ಅದಾ ಸಾ?"

ನಾನು ಆಕಾಶವನ್ನು ನೋಡಿದೆನು. ಆಮೇಲೆ, ಆ ಹಳೆಯ ಕಿವಿಯ ನೆನಪಿನಿಂದಲೋ ಏನೋ, ರಸ್ತೆಯ ಪಕ್ಕದ ಮೋರಿಯನ್ನೂ ಬಗ್ಗಿ ನೋಡಿದೆನು. ಹೇಳುವುದು ಕಷ್ಟವೆಂದೆನು. ಮೇಷ್ಟ್ರ ಮನೆಗೆ ರಾತ್ರಿ ಸುದ್ದಿ ಬರುತ್ತದೆ, ಬೆಳಗ್ಗೆ ಮೊದಲು ಅಲ್ಲಿ ಕೇಳಿಕೊಂಡು ಹೋಗು, ಮೋರಿಯ ಕಲ್ಲು ಕಾಣದಿದ್ದರೆ ದಾಟಬೇಡ ಎಂದೆನು. ಅವನು ತಲೆಯಾಡಿಸಿ, ತಂಗಿಯ ಕೈ ಹಿಡಿದು ಹೊರಟನು. ಅಷ್ಟರಲ್ಲಿ ಬಸ್ಸು ಬಂದಿತು.